ಚಿಕ್ಕ ಸಾಲು

ಇಸ್ತ್ರಿಪೆಟ್ಟಿಗೆ ಬುಸ್ಸೆನ್ನುತ್ತಿದೆ, ಶುಗರ್ ಲ್ಯಾಂಡಿನ ಈ ಹಜಾರದ ತುಂಬ ಬಿಸಿ ಹತ್ತಿಯ ವಾಸನೆ, ಎಪ್ಪತ್ತೊಂಬತ್ತರ ಚನ್ನಬಸಪ್ಪ ಅಂಕಲ್ ಬಿಳಿ ಅಂಗಿಯ ತೋಳಿನ ಮೇಲೆ ಬಗ್ಗಿದ್ದಾರೆ, ಇಡೀ ಟೆಕ್ಸಾಸಿನಲ್ಲಿ ಒಂದು ತೋಳನ್ನು ಇಷ್ಟು ಹೊತ್ತು ಯಾರೂ ಉಜ್ಜಿಲ್ಲ, ಒಂದು ತೋಳಿಗೆ ಒಂದು ಯುಗ — ತಡಾ ಆತೇನೋ ಬದರಿ, ಏಳಕ್ಕ ಬಾಗಲಾ ತಗೀತಾರಲ್ಲಾ, ಇಲ್ಲ ಅಂಕಲ್, ನಿಧಾನಕ್ಕೆ ಮಾಡಿ, ಏನವಸರ — ಈ ತೋಳು ಸಂಜೆಯವರೆಗೂ ಮುಗಿಯದಿರಲಿ ದೇವರೇ, ಮತಗಟ್ಟೆಯ ಬಾಗಿಲು ಹಾಕುವವರೆಗೂ. ರನಾಫ್, ಮರುಸುತ್ತು, ಪಕ್ಷದ ಹುರಿಯಾಳು ಯಾರೆಂದು ಮತದಾರರೇ ಆರಿಸುವ ಮಾರ್ಚಿನ ಚುನಾವಣೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದೆ ಮೊದಲ ಇಬ್ಬರು ಮತ್ತೆ ಎದುರುಬದುರು, ಆ ಇಬ್ಬರಲ್ಲಿ ಒಬ್ಬಳು ನಮ್ಮ ನಿರುಪಮಾ, ಇವತ್ತು ಸೋತರೆ ನವೆಂಬರಿನ ಅಸಲಿ ಚುನಾವಣೆಯಲ್ಲಿ ಅವಳ ಹೆಸರೇ ಇರುವುದಿಲ್ಲ, ಇದನ್ನೆಲ್ಲ ಹ್ಯೂಸ್ಟನ್ ಸೀಮೆಯ ಕನ್ನಡಿಗರಿಗೆ ಅರೆದು ಕುಡಿಸಿದವನು ನಾನು, ಬದರಿನಾಥ, ಡಲ್ಲಾಸಿನಿಂದ ಸಲಹೆ ಕೇಳಿ ನನಗೆ ದಿನಕ್ಕೆ ನೂರು ಫೋನು ಬರುತ್ತವೆ, ಸರಿ, ಹತ್ತು, ಹೋದ ತಿಂಗಳು ಒಂದು ಬಂದಿತ್ತು, ರಾಂಗ್ ನಂಬರೂ ಇರಬಹುದು. ಮುನ್ನೂರು ಮತ ನನ್ನ ಜೇಬಿನಲ್ಲಿದೆ ನಿರುಪಮಾ, ನೀನು ಕಾಲು ಚಾಚಿ ಮಲಗು ಎಂದಿದ್ದೆ, ಅವಳು ನಕ್ಕಿದ್ದಳು, ಜೇಬು ಹರಿಯದಂತೆ ನೋಡ್ಕೊಳ್ಳಿ ಬದರಿ ಸರ್. ಮುನ್ನೂರೆಲ್ಲಿ, ಮೂವತ್ತೆಲ್ಲಿ, ನಿಜವಾಗಿ ನಾನು ಕೈಹಿಡಿದು ಮತಗಟ್ಟೆಗೆ ಕರೆದೊಯ್ದದ್ದು ಈ ಒಬ್ಬ ಮುದುಕರನ್ನು, ಹೊಸದಾಗಿ ಪೌರತ್ವ ಸಿಕ್ಕವರನ್ನು, ಅವರಿಗೆ ಇಲ್ಲಿ ಮೊದಲ ಮತ ಅದು, ಆ ಒಂದನ್ನೂ ನಾನೇ —

ಮಾರ್ಚಿನ ಅವತ್ತು, ಮತಗಟ್ಟೆಯಾಗಿದ್ದ ಲೈಬ್ರರಿಯಲ್ಲಿ ಎರಡು ಮೇಜು, ಪಕ್ಷಕ್ಕೊಂದು, ನಿರುಪಮಾಳ ಪಕ್ಷದ ಸಾಲು ಬಾಗಿಲು ದಾಟಿ ಹೂಕುಂಡದವರೆಗೂ ಬೆಳೆದಿತ್ತು, ಇನ್ನೊಂದರಲ್ಲಿ ನಾಲ್ಕೇ ಜನ, ಬೆಂಗಳೂರಿನಲ್ಲಿ ರೈಲ್ವೆ ಟಿಕೆಟ್ಟಿನಿಂದ ಸೀಮೆಎಣ್ಣೆಯವರೆಗೆ ಒಂದು ಸಾಲಿನಲ್ಲೂ ಹಿಂದೆ ನಿಂತವನಲ್ಲ ನಾನು, ಬನ್ನಿ ಅಂಕಲ್ ಈ ಕಡೆ, ಏ ಅದು ಬ್ಯಾರೆ ಪಾರ್ಟೀದ್ದಲ್ಲೇನೋ, ಅಯ್ಯೋ ಸಾಲು ಯಾವುದಾದರೇನು ಅಂಕಲ್, ಒಳಗೆ ಎಲ್ಲರ ಹೆಸರೂ ಇರುತ್ತೆ, ನಾನಿಲ್ವಾ. ನಾನಿದ್ದೆ. ಸಹಾಯಕ ಎಂದು ಸಹಿ ಹಾಕಿ ಪಕ್ಕದಲ್ಲೇ ನಿಂತಿದ್ದೆ, ಅವರ ಬೆರಳು ಪರದೆಯ ಮೇಲಿನ ಹೆಸರುಗಳ ಮೇಲೆ ಒಂದೊಂದಾಗಿ ಇಳಿಯಿತು, ಮೇಲಿನಿಂದ ಕೆಳಗೆ, ಮತ್ತೆ ಮೇಲಿನಿಂದ, ಉಗುರಿನಿಂದ ಪ್ರತಿ ಅಕ್ಷರ ಮುಟ್ಟುತ್ತ — ಆಕೀ ಹೆಸರ ಕಾಣವಲ್ತಲ್ಲೋ. ನನಗೆ ಆ ಕ್ಷಣವೇ ಅರ್ಥವಾಗಿತ್ತು. ಐದು ಹೆಜ್ಜೆಯಾಚೆ ಕುಳಿತ ಹೆಂಗಸನ್ನು ಕರೆದು, ಅಮ್ಮಾ ತಪ್ಪು ಪಟ್ಟಿ ತೆಗೆದುಕೊಂಡುಬಿಟ್ಟೆವು ಎನ್ನಬಹುದಿತ್ತು, ಐದೇ ಹೆಜ್ಜೆ, ಆದರೆ ಬದರಿನಾಥ ತಪ್ಪು ಮಾಡುತ್ತಾನೆಯೇ, ಅವಳ ಹೆಸರು ಮುಂದಿನ ಸುತ್ತಿಗೆ ಬರುತ್ತೆ ಅಂಕಲ್, ಈಗ ಯಾರನ್ನಾದರೂ ಒತ್ತಿ. ಒತ್ತಿದರು. ನಂಬಿ ಒತ್ತಿದರು, ನಾನೂ ಅದೇ ಪಕ್ಷದ ಪಟ್ಟಿಯಲ್ಲಿ ನನ್ನದನ್ನು ಒತ್ತಿ ಬಂದೆ. ಮುಂದಿನ ಸುತ್ತು ನಿಜಕ್ಕೂ ಬಂದೇ ಬಿಟ್ಟಿತು, ನಾನು ಬಿಟ್ಟ ಲಕ್ಷ ಬುರುಡೆಗಳಲ್ಲಿ ನಿಜವಾದದ್ದು ಇದೊಂದೇ, ನಿಜವಾಗಲು ಇದಕ್ಕೇ ಸಿಗಬೇಕಿತ್ತೇ ಮುಹೂರ್ತ, ಹತ್ತು ವಾರದಿಂದ ಈ ಮನುಷ್ಯ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ದಿನಕ್ಕೆ ಗುಂಡಗೆ ಗೆರೆ ಹಾಕಿಟ್ಟಿದ್ದಾರೆ. ಆಸ್ಟಿನ್ನಿನಲ್ಲಿ ಓದುವ ಮಗಳು ಗಾರ್ಗಿಯನ್ನು ಹೋದ ವಾರ ಮೆಲ್ಲಗೆ ಕೇಳಿದೆ, ಏನಾದರೂ ಸಂದಿ ಇರಬಹುದೇ ಎಂದು, ಅಪ್ಪಾ, ಮಾರ್ಚಲ್ಲಿ ವೋಟ್ ಹಾಕಿದ ಪಾರ್ಟಿನೇ ರನಾಫ್‌ಗೂ, ಯು ಕಾಂಟ್ ಸ್ವಿಚ್, ಡಿಡ್ ಯು ನಾಟ್ ನೋ? ಗೊತ್ತಮ್ಮ, ನಿನಗೆ ಗೊತ್ತಾ ಅಂತ ಪರೀಕ್ಷೆ ಮಾಡಿದೆ.

ಕಾರಿನಲ್ಲಿ ಅವರು ಗುರುತಿಗೆ ತೋರಿಸಬೇಕಾದ ಲೈಸೆನ್ಸನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದಾರೆ, ಸೀಟ್ ಬೆಲ್ಟ್ ಅಂಗಿಯನ್ನು ಮುದುರದಂತೆ ಬೆರಳಿನಿಂದ ಎತ್ತಿ ಹಿಡಿಯುತ್ತಾರೆ, ನಾನು ಪ್ರತಿ ಸಿಗ್ನಲ್ಲಿಗೂ ಕೆಂಪಾಗು ಎಂದು ಹರಕೆ ಹೊರುತ್ತಿದ್ದೇನೆ, ಎಲ್ಲ ಹಸಿರು, ಹಾಳಾದ್ದು ಎಲ್ಲ ಹಸಿರು. ಶಿವಬಸವ್ವಗ ಆಕಿ ಎಂಟ ತಿಂಗಳ ನಡಿಯಾಕ ಕಲಿಸಿದ್ಲೋ ಬದರಿ, ಗೊತ್ತು ಅಂಕಲ್, ಲಕ್ವ ಹೊಡೆದಿದ್ದ ಹೆಂಡತಿಯನ್ನು ನಿರುಪಮಾ ಸೊಂಟ ಹಿಡಿದು ಈ ಕೋಣೆಯಿಂದ ಆ ಕೋಣೆಗೆ, ಭಾನುವಾರವೂ ಬಂದು, ಕಡೇ ವಾರದಾಗ ಹಿತ್ತಲಮಟಾ ನಡದ್ಲು, ಮಲ್ಲಿಗಿ ಹರಕೊಂಡ ಬಂದ್ಲು, ಅದಕ್ಕ ನಾ ಏನೂ ಕೊಡಾಕ ಆಗಿಲ್ಲ, ಕೊಟ್ರ ಆಕಿ ತಗೊಳ್ಳಲಿಲ್ಲ, ಇದೊಂದರ ಕೊಡತೀನಿ. ಲೈಬ್ರರಿಯ ಪಾರ್ಕಿಂಗ್. ಎಂಜಿನ್ ಆರಿಸಿದೆ. ನಾಲಿಗೆ, ಹ್ಯೂಸ್ಟನ್ನಿನ ಅತಿ ಉದ್ದದ ನಾಲಿಗೆ, ಒಣಗಿ ಮೇಲಂಗುಳಿಗೆ ಅಂಟಿದೆ, ಅಂಕಲ್, ಒಳಗೆ ಬಿಡೋದಿಲ್ಲ ನಿಮ್ಮನ್ನ, ಅಂದರೆ ಬಿಡ್ತಾರೆ, ಇನ್ನೊಂದು ಪಕ್ಷದ ಪಟ್ಟಿ ಕೊಡ್ತಾರೆ, ನಿರುಪಮಾಂದು ಕೊಡೋಲ್ಲ, ಮಾರ್ಚಿನಲ್ಲಿ ನಾನು ನಿಮ್ಮನ್ನ ತಪ್ಪು ಸಾಲಿಗೆ ಎಳೆದೆ. ಅವರು ಗಾಜಿನಾಚೆ ನೋಡುತ್ತಿದ್ದಾರೆ. ಅವತ್ತ ಹೆಸರಿಲ್ಲಲ್ಲೋ ಅಂತ ನಾ ಕೇಳಿದಾಗ ನಿನಗ ಗೊತ್ತಿತ್ತೇನು? ಇಲ್ಲ ಎನ್ನು ಬದರಿ, ಒಂದೇ ಒಂದು ಇಲ್ಲ, ಸಾವಿರಾರು ಬಿಟ್ಟಿದ್ದೀಯ — ಗೊತ್ತಿತ್ತು ಅಂಕಲ್. ಬೈಯಲಿಲ್ಲ. ಬೈದಿದ್ದರೆ ನನಗೆ ನೂರು ವರ್ಷ ಆಯುಷ್ಯ ಹೆಚ್ಚುತ್ತಿತ್ತು. ಬರೀ ಲೈಸೆನ್ಸನ್ನು ಜೇಬಿಗಿಟ್ಟು ಜೇಬಿನ ಬಾಯನ್ನು ಅಂಗೈಯಿಂದ ಒತ್ತಿದರು.

ಟಕ್ ಟಕ್, ಗಾಜಿನ ಮೇಲೆ ಬೆರಳು, ನಿರುಪಮಾ, ಬಿಸಿಲಿಗೆ ಮುಖ ಕೆಂಪಾಗಿದೆ, ಕೈತುಂಬ ಕರಪತ್ರ, ಆಯ್ತಾ ಅಂಕಲ್? ಬದರಿ ಸರ್, ಎಲ್ಲಿ ನಿಮ್ಮ ಮುನ್ನೂರು ಜನ, ಡಿಕ್ಕಿಯೊಳಗಾ? — ನಾನು ಬಾಯಿ ತೆರೆಯುತ್ತಿದ್ದೇನೆ, ಈಗ ಹೇಳುತ್ತೇನೆ, ಹೇಳಿಬಿಡುತ್ತೇನೆ, ಅಷ್ಟರಲ್ಲಿ ಚನ್ನಬಸಪ್ಪ ಅಂಕಲ್ ಗಾಜು ಇಳಿಸಿ ಅವಳ ಕೈ ಹಿಡಿದರು, ಹಾಕಿ ಬಂದ್ವಿ ಯವ್ವಾ, ಇಬ್ಬರೂ ಹಾಕಿ ಬಂದ್ವಿ, ಗೆದ್ದ ಗೆಲ್ಲತೀ. ನಲವತ್ತು ವರ್ಷ ಸಾಲಿ ಮಾಸ್ತರರಾಗಿದ್ದವರು, ಸುಳ್ಳಾಡಿದ ಮಕ್ಕಳನ್ನು ಹೊರಗೆ ನಿಲ್ಲಿಸುತ್ತಿದ್ದವರು, ಅವರ ಬಾಯಿಂದ, ನನ್ನದು, ನನ್ನ ಸುಳ್ಳು, ಅವಳು ಆ ಕೈಯನ್ನು ಕಣ್ಣಿಗೊತ್ತಿಕೊಂಡು ಓಡಿದಳು, ಉಳಿದ ಜನರ ಕಡೆಗೆ, ನಗುತ್ತ, ಮನಿಗ ನಡಿಯೋ ಬದರಿ, ಹೂಂ ಅಂಕಲ್, ಕೀಲಿ ತಿರುಗಿಸಬೇಕು, ತಿರುಗಿಸುತ್ತೇನೆ, ಈಗ, ಆದರೆ ಬೆರಳು, ಪರದೆಯ ಮೇಲೆ ಆ ಬೆರಳು, ಮೊದಲ ಹೆಸರು, ಎರಡನೆಯದು, ಮೂರನೆಯದು, ಕೊನೆಯದು, ನಿಂತಿತು, ಮತ್ತೆ ಮೇಲಿನಿಂದ