ಊಟಕ್ಕೆ ಹನ್ನೊಂದು ಜಾಗ ಮತ್ತು ನಮ್ಮಕ್ಕ

೧

ಎಲ್ಲಿಂದ ಶುರು ಮಾಡಲಿ? ಬಂದರಿನಿಂದ ಶುರು ಮಾಡಬಹುದಿತ್ತು. ಆದರೆ ಬಂದರಿನಿಂದ ಶುರುವಾಗುವ ಕಥೆಗಳಲ್ಲಿ ಯಾರಾದರೊಬ್ಬರು ಹಡಗು ಹತ್ತಿ ಹೋಗಲೇಬೇಕಾಗುತ್ತದೆ. ನನ್ನ ಕಥೆಯವರು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಾರೆ. ಹಾಗಾಗಿ ನನ್ನ ಕೆಲಸದಿಂದಲೇ ಶುರು ಮಾಡುತ್ತೇನೆ. ಹೊರಗಿನಿಂದ ಬಂದವರು ನಮ್ಮ ಊರಲ್ಲಿ ಎಲ್ಲಿ ಉಣ್ಣಬೇಕು, ಎಲ್ಲಿ ಕುಡಿಯಬೇಕು, ಎಲ್ಲಿ ಕುಣಿಯಬೇಕು ಎಂದು ತಿಳಿಸುವ ಗೈಡ್ ಒಂದಿದೆ. ಅದಕ್ಕೆ ವರ್ಷಕ್ಕೊಮ್ಮೆ ಹನ್ನೆರಡು ಜಾಗ ಆರಿಸಿಕೊಡುವವನು ನಾನು. ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ. (ಜಂಬ ಅನ್ನುತ್ತೀರಿ. ನನ್ನ ಹೊಟ್ಟೆ ನೋಡಿದವರು ಹಾಗನ್ನುವುದಿಲ್ಲ.)

೨

ಈ ವರ್ಷದ ಡ್ರಾಫ್ಟ್ ಹೀಗಿತ್ತು:

"ಈ ಊರಿನ ರಾತ್ರಿ ನೋಡಬೇಕಾದರೆ ಮಧ್ಯಾಹ್ನ ನಾಲ್ಕಕ್ಕೆ ಬನ್ನಿ. ಆಗ ಡ್ಯಾನ್ಸ್ ಹಾಲಿನ ನೆಲ ಒರೆಸುತ್ತಿರುತ್ತಾರೆ. ಡ್ರಮ್ಮಿನವನು ಬನಿಯನ್ನಿನಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿರುತ್ತಾನೆ. ಯಾವ ಬಾರಿನ ಐಸು ಚೊಕ್ಕಟ, ಯಾವುದರ ಗ್ಲಾಸು ಜಿಡ್ಡು ಎಂದು ಆಗಲೇ ಗೊತ್ತಾಗುವುದು. ದೀಪ ಹತ್ತಿದ ಮೇಲೆ ಎಲ್ಲ ಬಾರೂ ಚೆಂದವೇ."

ಚೆನ್ನಾಗಿದೆ, ಅಲ್ಲವೇ? ಸಂಪಾದಕಿಯೂ ಹೊಗಳಿದರು. ಹನ್ನೊಂದು ಜಾಗ ಸಲೀಸಾಗಿ ಮುಗಿದವು. ಹನ್ನೆರಡನೆಯದಕ್ಕೆ ಅಕ್ಕ ಅಡ್ಡ ಬಂದಳು.

೩

ಅಕ್ಕನದು ಹದಿನಾಲ್ಕು ಕುರ್ಚಿಯ ಊಟದಂಗಡಿ. ಸಂಜೆ ಆರೂವರೆಗೆ ಷಟರ್ ಎತ್ತುತ್ತಾಳೆ.

"ಹದಿನೇಳು ವರ್ಷ ಆಯ್ತು. ಊರೋರ ಅಂಗಡಿಯೆಲ್ಲ ಬರೀತೀಯ. ನಮ್ಮದು ಕಣ್ಣಿಗೆ ಬೀಳಲ್ವಾ?"

"ಸ್ವಂತ ಅಕ್ಕನ ಅಂಗಡಿ ಹಾಕಿದ್ರೆ ಜನ ಏನಂತಾರೆ?"

"ಊಟ ಮಾಡಿದ ಮೇಲೆ ಏನೂ ಅನ್ನಲ್ಲ. ಕೊನೇ ನಂಬರ್ ಕೊಡು, ಸಾಕು."

ಅಕ್ಕ ಯಾವತ್ತೂ ನನ್ನನ್ನು ಏನೂ ಕೇಳಿದವಳಲ್ಲ. ಅವಳ ಕೈರುಚಿ ಈ ಊರಿನಲ್ಲಿ ಇನ್ನೊಬ್ಬರಿಗಿರಲಿಲ್ಲ. (ಇರಲಿಲ್ಲ ಎಂದು ಬರೆದೆ, ಗಮನಿಸಿದಿರಿ ತಾನೆ? ಇಲ್ಲಿ ಒಂದು ಡ್ರಾಫ್ಟ್ ಹರಿದು ಹಾಕಿದ್ದೇನೆ. ಅದರಲ್ಲಿ ಅಕ್ಕನ ಸಾರಿಗೆ ಎರಡು ಪುಟದ ವರ್ಣನೆ ಇತ್ತು. ಎಲ್ಲವೂ ಹೋದ ವರ್ಷದ ಸಾರು.)

೪

ಕಳೆದ ಮಂಗಳವಾರ ಅಲ್ಲಿ ಕೂತಿದ್ದೆ. ಒಲೆಯ ಮೇಲಿದ್ದ ಮೀನಿನ ಸಾರು ತಳ ಹಿಡಿಯಿತು. ಬೀದಿಯಲ್ಲಿ ಹೋಗುವವನೂ ತಿರುಗಿ ನೋಡುವಂಥ ವಾಸನೆ. ಅಕ್ಕ ಪಾತ್ರೆಯ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚುತ್ತಲೇ ಇದ್ದಳು. ಆಮೇಲೆ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, "ಹದವಾಗಿದೆ" ಎಂದು ತಲೆಯಾಡಿಸಿದಳು.

ಆರು ತಿಂಗಳ ಹಿಂದಿನ ಜ್ವರ ಅವಳ ಮೂಗನ್ನೂ ನಾಲಿಗೆಯನ್ನೂ ಕೆಡಿಸಿ ಹೋಗಿದೆ ಎಂದು ನನಗೆ ಆಗ ತಿಳಿಯಿತು. ಯಾರಿಗೂ ಹೇಳದೆ, ಬರೀ ಕೈಯಳತೆಯ ಮೇಲೆ ಅಡುಗೆ ನಡೆಸಿಕೊಂಡು ಬಂದಿದ್ದಾಳೆ.

ನಾನು ಬಾಯಿ ತೆರೆಯುವಷ್ಟರಲ್ಲಿ ದಿನಾ ಬರುವ ನರ್ಸಮ್ಮ ಎದ್ದರು. ಅಕ್ಕ ಬಟ್ಟಲು ತರಲು ತಿರುಗಿದಾಗ ನೀರು ಕುಡಿಯುವವರಂತೆ ಒಳಗೆ ಹೋಗಿ ಉರಿ ಆರಿಸಿ ಬಂದರು. ಮೂಲೆಯಲ್ಲಿ ಉಣ್ಣುತ್ತಿದ್ದ ಬಂದರಿನ ಕ್ರೇನ್ ಡ್ರೈವರ್ ಕಿಟಕಿ ತೆರೆದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇದು ಮೊದಲ ಸಲವಲ್ಲ ಎನ್ನುವುದು ಅವರ ಚುರುಕಿನಿಂದಲೇ ಗೊತ್ತಾಯಿತು. ಬಡಿಸಿದ್ದನ್ನು ಎಲ್ಲರೂ ಬಳಿದು ಉಂಡರು. ನಾನೂ ಉಂಡೆ, ಕಹಿಯಾಗಿತ್ತು. ನನಗೆ ಅಳು ಬಂತು. ಖಾರ ಎಂದು ಸುಳ್ಳು ಹೇಳಿದೆ.

೫

ಈಗ ಹೇಳಿ, ಹನ್ನೆರಡನೆಯ ಜಾಗಕ್ಕೆ ಏನು ಬರೆಯಲಿ?

ಮುಕ್ತಾಯ ಒಂದು: ಸೇರಿಸುತ್ತೇನೆ. ಹೊಸಬರು ಬರುತ್ತಾರೆ. ಹೊಸಬರು ಎದ್ದು ಒಲೆ ಆರಿಸುವುದಿಲ್ಲ. "ಸೀದು ಹೋಗಿದೆ" ಎಂದು ಎಲ್ಲರೆದುರು ಹೇಳಿ, ಒಂದೇ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಮುಕ್ತಾಯ ಎರಡು: ಸೇರಿಸುವುದಿಲ್ಲ. ತನ್ನ ಅಡುಗೆ ತಮ್ಮನಿಗೇ ಹಿಡಿಸಲಿಲ್ಲ ಎಂದುಕೊಂಡು ಅಕ್ಕ ಸುಮ್ಮನಾಗುತ್ತಾಳೆ. ಅವಳು ಬೈದರೆ ತಡೆಯಬಲ್ಲೆ, ಸುಮ್ಮನಾದರೆ ಆಗದು.

ಮುಕ್ತಾಯ ಮೂರು: ಸೇರಿಸಿ, ವಿಳಾಸ ತಪ್ಪು ಕೊಡುತ್ತೇನೆ. ಊಟ ಹುಡುಕಿಕೊಂಡು ಬಂದವರೆಲ್ಲ ಹಿಂದಿನ ಬೀದಿಯ ಕ್ಷೌರಿಕನ ಮುಂದೆ ಸಾಲು ನಿಲ್ಲುತ್ತಾರೆ. (ನನಗೆ ಇದೇ ಇಷ್ಟ. ಆದರೆ ಕ್ಷೌರಿಕ ಕಥೆಯೊಳಗೆ ಬಂದು ಜಗಳ ತೆಗೆಯುತ್ತಿದ್ದಾನೆ.)

೬

ಈ ಕಥೆಯ ಐದನೆಯ ಭಾಗವನ್ನು ಅಕ್ಕನ ಅಂಗಡಿಯಲ್ಲೇ ಕೂತು ಟೈಪ್ ಮಾಡಿ ಕೈ ತೊಳೆಯಲು ಹೋದೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಬಂದು ನೋಡಿದರೆ ಅಕ್ಕ ಅದರ ಮುಂದೆ ಕೂತು ಮೊದಲಿನಿಂದ ಓದುತ್ತಿದ್ದಾಳೆ.

"ಇದು ಕಥೆ ಕಣಕ್ಕಾ. ನೀನಲ್ಲ."

"ನಿನಗೆ ಇನ್ನೆಷ್ಟು ಜನ ಅಕ್ಕಂದಿರು?"

ತೊಳೆದ ಕೈಯನ್ನು ಅಂಗಿಗೆ ಒರೆಸಿಕೊಂಡು ಎದುರಿಗೆ ಕೂತೆ. ಅಕ್ಕ ಪರದೆಯಿಂದ ಕಣ್ಣೆತ್ತಿದಳು.

"ಎಲ್ರಿಗೂ ಗೊತ್ತಾ?"

"ಎಲ್ರಿಗೂ."

"ಗೊತ್ತಿದ್ದೂ ಅದನ್ನೇ ತಿಂದ್ರಾ?"

"ಬಳಿದು ತಿಂದ್ರು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ಎಂದು ನೀವು ಕೇಳುತ್ತೀರಿ. ಕಣ್ಣೀರೇ. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದಳು.

"ಹನ್ನೆರಡನೇದು ನಾನು ಹೇಳ್ತೀನಿ, ನೀನು ಬರಿ. ಇಲ್ಲಿ ಅಡುಗೆ ಮಾಡೋಳಿಗೆ ವಾಸನೆ ಗೊತ್ತಾಗಲ್ಲ. ತಳ ಹಿಡಿದ್ರೆ ಕೂತೋರೇ ಎದ್ದು ಒಲೆ ಆರಿಸ್ಬೇಕು. ಉಪ್ಪು ಕಮ್ಮಿ ಇದ್ರೆ ಬಾಯಿ ಬಿಟ್ಟು ಹೇಳ್ಬೇಕು. ಆಗಲ್ಲ ಅನ್ನೋರಿಗೆ ಮೇಲೆ ಹನ್ನೊಂದು ಜಾಗ ಇದೆ."

ಒಂದೆರಡು ಕಡೆ ತಿದ್ದಲು ಹೋದೆ. ಬೆರಳಿಗೆ ಸೌಟಿನಿಂದ ಏಟು ಬಿತ್ತು. ಹಾಗೇ ಕಳಿಸಿದೆ.

೭

"ಇದೇನು ತಮಾಷೆಯಾ?" ಎಂದು ಸಂಪಾದಕಿ ಕೇಳಿದ್ದಾರೆ. ನಾನಿನ್ನೂ ಉತ್ತರಿಸಿಲ್ಲ. ಅಕ್ಕ ಷಟರ್ ಎತ್ತಿದ್ದಾಳೆ. ನರ್ಸಮ್ಮ ಬಂದಿದ್ದಾರೆ. ಇಬ್ಬರೂ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದಾರೆ, ಯಾರು ಮೊದಲು ಮಾತಾಡುತ್ತಾರೋ ಗೊತ್ತಿಲ್ಲ. ಈ ಕಥೆಗೆ ಒಂದು ಒಳ್ಳೆಯ ಕೊನೆ ಕೊಡುವುದು ನನಗೇನೂ ಕಷ್ಟವಲ್ಲ. ಆದರೆ ಒಳಗಿನಿಂದ ಸೀದ ವಾಸನೆ ಬರುತ್ತಿದೆ. ಹತ್ತಿರ ಕೂತಿರುವವನು ನಾನೇ, ಏಳುತ್ತೇನೆ.