ವ್ಯಾನ್ ಮಾಮನ ಪೆಪ್ಪರ್‌ಮೆಂಟು

ಆ ಬೆಳಿಗ್ಗೆ ಬೆಳಕು ಹರಿದಾಗಿನಿಂದಲೇ ಧೂಳುಗಾಳಿ. ಬೀದಿಯ ಮಣ್ಣೆಲ್ಲ ಎದ್ದು, ಕರೆಯದೆ ಬಂದ ನೆಂಟರ ಹಾಗೆ ನಡುಮನೆಯಲ್ಲಿ ಕೂತಿತ್ತು. ಹೊಲಿಗೆಯಮ್ಮ ಮಿಷನ್ನಿಗೆ ಬಟ್ಟೆ ಹೊದಿಸಿ, ದೇವರಿಗೊಂದು ಕೈ ಮುಗಿದು, ಮಗಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿದಳು. ಗಾಳಿಗೆ ಹೆದರಿ ವ್ಯಾನಿನ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಸೀಟುಗಳ ಮೇಲೆ ಹೊಸ ನೀಲಿ ಕವರು. ಅಳತೆ ತೆಗೆದು ಹೊಲಿದವಳೂ ಅವಳೇ, ಸೀಟಿನ ಕೆಳಗೆ ಲಾಡಿ ಎಳೆದು ಗಂಟು ಹಾಕಿದವಳೂ ಅವಳೇ. ಮಕ್ಕಳೆಲ್ಲ ‘ವ್ಯಾನ್ ಮಾಮ’ ಎನ್ನುತ್ತಿದ್ದ ಡ್ರೈವರು ಆ ಕವರುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ.

ಮಗಳಿಗೆ ಮನೆಯವರು ಇಟ್ಟ ಹೆಸರು ಚಿನಕುರುಳಿ. ಬಾಯಿ ಬಿಟ್ಟರೆ ಮುಚ್ಚುತ್ತಿರಲಿಲ್ಲ. ಶಾಲೆಯ ಗಂಟೆ ಬಾರಿಸುವ ಕೆಲಸ ಅವಳದ್ದೇ ಆಗಿತ್ತು. ಮರದ ಕೊಡತಿ ಎತ್ತಿ ಹೊಡೆದರೆ ಗುಡ್ಡದಾಚೆಗೂ ಕೇಳಬೇಕು, ಹಾಗೆ. ಆದರೆ ಈಚೆಗೆ ಮಗು ದಿನಾ ಮೊದಲ ಪಾಠಕ್ಕೇ ತೂಕಡಿಸತೊಡಗಿತ್ತು. ಟೀಚರಮ್ಮ ಎರಡು ಸಲ ಗದರಿ, ಮೂರನೆಯ ಸಲ ಎಲ್ಲರ ಮುಂದೆ ‘ಸೋಮಾರಿ’ ಎಂದು ಕೊಡತಿ ಕಸಿದುಕೊಂಡಿದ್ದರು. ಅಂದು ಮನೆಗೆ ಬಂದ ಹುಡುಗಿ ಊಟ ಮಾಡಿರಲಿಲ್ಲ. "ನಂಗೇ ಗೊತ್ತಾಗಲ್ಲಮ್ಮ, ಕಣ್ಣು ತಾನಾಗೇ ಮುಚ್ಕೊಳತ್ತೆ" ಎಂದು ಅತ್ತಿದ್ದಳು. ತಾಯಿ ಬೇಗ ಮಲಗಿಸಿ ನೋಡಿದಳು, ಹಾಲು ಕೊಟ್ಟು ನೋಡಿದಳು, ಹರಕೆಯನ್ನೂ ಹೊತ್ತಳು.

ಆ ಬೆಳಿಗ್ಗೆ ಗಾಳಿ ಇನ್ನೂ ನಿಂತಿರಲಿಲ್ಲ, ಶಾಲೆಯಿಂದ ಫೋನು ಬಂತು. ಹೊಲಿಗೆಯಮ್ಮ ಓಡಿದಳು.

"ಮನೇಲಿ ರಾತ್ರಿಯೆಲ್ಲಾ ಟಿವಿನಾ?" ಟೀಚರಮ್ಮ ತರಗತಿಯ ಬಾಗಿಲಲ್ಲೇ ಶುರು ಮಾಡಿದರು. "ಇವತ್ತಂತೂ ಬೆಂಚಿನ ಮೇಲೆ ಮಲಗೇಬಿಟ್ಟಿದಾಳೆ. ಎಬ್ಬಿಸಿದ್ರೂ ಏಳಲ್ಲ."

ಹೊಲಿಗೆಯಮ್ಮ ಬೆಂಚಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಮಗುವಿನ ತುಟಿ ಒಣಗಿ ಬಿಳಿಚಿತ್ತು. ಕರೆದರೆ ಕಣ್ಣು ಅರ್ಧ ತೆರೆದು, ನಾಲಿಗೆ ಹೊರಳದೆ ಏನೋ ಗೊಣಗಿ ಮತ್ತೆ ಮುಚ್ಚುತ್ತಿತ್ತು. ಇದು ನಿದ್ದೆಯಲ್ಲ ಎಂದು ಗೊತ್ತಾಯಿತು ಅವಳಿಗೆ. ಮಗುವನ್ನು ಹೆಗಲಿಗೆ ಹಾಕಿಕೊಂಡು, "ಕೈಬಿಡಬೇಡ ತಂದೆ, ಕೈಬಿಡಬೇಡ" ಎನ್ನುತ್ತ ಇಳಿಜಾರಿನ ಕ್ಲಿನಿಕ್ಕಿಗೆ ಓಡಿದಳು.

ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟರು, ನಾಡಿ ಹಿಡಿದರು, ಉಸಿರು ಕೇಳಿದರು. "ಏನು ಕೊಟ್ಟೆ ಮಗೂಗೆ?"

"ಏನೂ ಇಲ್ಲ ಡಾಕ್ಟ್ರೇ, ದೇವರಾಣೆ."

"ಏನೂ ಕೊಡದೆ ಮಗು ಹಿಂಗಾಗಲ್ಲ. ನೆನಪು ಮಾಡ್ಕೋ."

ಹೆಗಲ ಮೇಲಿಂದಲೇ ಮಗುವಿನ ತೊದಲು ಉತ್ತರ ಬಂತು. "ಮಾಮನ ಪೆಪ್ಪರ್‌ಮೆಂಟು… ದಿನಾ ಅರ್ಧ. ಇವತ್ತು ಕಿಟಕಿ ಮುಚ್ಚಿದೆ ಅಂತ ಇಡೀದು ಕೊಟ್ರು. ಕಹಿ ಇರತ್ತಮ್ಮ."

"ಮಾಮ ಅಂದ್ರೆ ವ್ಯಾನ್ ಡ್ರೈವರು" ಎನ್ನುತ್ತ ಹೊಲಿಗೆಯಮ್ಮ ಅವನ ನಂಬರು ಕೊಟ್ಟಳು. ಡಾಕ್ಟರಮ್ಮ ಡ್ರೈವರಿಗೆ ಫೋನು ಹಚ್ಚಿ, "ಮಗೂಗೆ ಕೊಟ್ಟ ಮಾತ್ರೆ ಹಾಳೆ ಹಿಡ್ಕೊಂಡು ಈಗಲೇ ಬಾ" ಎಂದಷ್ಟೇ ಹೇಳಿ ಇಟ್ಟರು. ಅವನು ಬಂದ. ಜೇಬಿನಿಂದ ತೆಗೆದದ್ದು ವಾಂತಿ ನಿಲ್ಲಿಸುವ ಮಾತ್ರೆ, ಅದೂ ದೊಡ್ಡವರು ನುಂಗುವುದು.

"ಅಕ್ಕಾ, ನಾನೇನು ವಿಷ ಹಾಕಿದ್ನಾ?" ಎಂದ. "ಗುಡ್ಡದ ತಿರುವಲ್ಲಿ ನಾಲ್ಕೈದು ಮಕ್ಳು ದಿನಾ ವಾಂತಿ ಮಾಡ್ಕೊಳ್ಳೋವು. ಅಂಗಡೀಲಿ ಸಿಗೋ ಮಾತ್ರೆ. ನಾನೂ ನುಂಗ್ತೀನಿ, ನಂಗೇನೂ ಆಗಿಲ್ಲ."

"ನಿನ್ನ ತೂಕ ಎಷ್ಟಪ್ಪ? ಇವಳ ತೂಕ ಎಷ್ಟು?" ಡಾಕ್ಟರಮ್ಮನ ದನಿ ಏರಿತು. "ಇದನ್ನ ಮಗುವಿನ ತೂಕ, ವಯಸ್ಸು ನೋಡಿ ಡಾಕ್ಟರು ಹೇಳಬೇಕು. ಕೆಲವು ಮಾತ್ರೆ ಚಿಕ್ಕ ಮಕ್ಕಳಿಗೆ ಮುಟ್ಟಿಸೋ ಹಾಗೇ ಇಲ್ಲ. ಉಸಿರಾಟಕ್ಕೆ ಕುತ್ತು ಬಂದಿದ್ರೆ? ಸಾಲದ್ದಕ್ಕೆ ಪೆಪ್ಪರ್‌ಮೆಂಟು ಅಂದಿದೀಯ. ನಾಳೆ ಮನೇಲಿ ಮಾತ್ರೆ ಡಬ್ಬಿ ಕೈಗೆ ಸಿಕ್ಕಿದ್ರೆ ಮಗು ಏನು ಮಾಡುತ್ತೆ, ಹೇಳು."

ಡ್ರೈವರು ತಲೆ ಕೆರೆದುಕೊಂಡ. "ಕವರು ಹೊಸದಿತ್ತು, ಅದಕ್ಕೇ…"

ಹೊಲಿಗೆಯಮ್ಮ ಮಗುವನ್ನು ಮಂಚದ ಮೇಲೆ ಮಲಗಿಸಿ ಎದ್ದಳು. ಇಡೀ ಬೀದಿಯಲ್ಲಿ ಅವಳ ಗಟ್ಟಿ ದನಿ ಕೇಳಿದವರಿಲ್ಲ. ಅಂದು ಕ್ಲಿನಿಕ್ಕಿನ ಹೊರಗೆ ಕೂತವರೆಲ್ಲ ಕೇಳಿದರು.

"ನಾನು ಹೊಲಿದ ಬಟ್ಟೆ ಕೆಡಬಾರ್ದು ಅಂತ ನಾನು ಹೆತ್ತ ಮಗೂನ ಕೆಡಿಸಿದ್ಯಾ? ನಿನ್ನ ಸೀಟಿಗೆ ಕವರು ಹೊಲಿಯೋಕೆ ನಾನು ಒಂದೊಂದು ಸೀಟೂ ಟೇಪು ಹಿಡಿದು ಅಳೆದೆ. ಎರಡು ಬೆರಳು ಹೆಚ್ಚಾಗಿದೆ ಅಂತ ನೀನೇ ತಿರುಗಿ ಬಿಚ್ಚಿಸಿದೆ! ಸೀಟಿಗೆ ಬೇಕು ಅಳತೆ, ನನ್ನ ಮಗೂಗೆ ಬೇಡ್ವಾ? ವಾಂತಿ ಆಗುತ್ತೆ ಅಂತ ನಂಗೆ ಒಂದು ಮಾತು ಹೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ಹೇಳಿದ್ರೆ ವ್ಯಾನೇ ಬೇಡ ಅಂತೀರ ಅಂತ…" ಎಂದ ಅವನು.

ಅವಳು ಹೊರಗೆ ಹೋಗಿ ವ್ಯಾನು ಹತ್ತಿದಳು. ಗಂಟು ಎಲ್ಲೆಲ್ಲಿದೆ ಎಂದು ಅವಳಿಗಲ್ಲದೆ ಯಾರಿಗೆ ಗೊತ್ತು? ಒಂದೊಂದೇ ಬಿಚ್ಚಿ, ಕವರುಗಳನ್ನೆಲ್ಲ ಹಿಂದೆಯೇ ಬಂದ ಅವನ ತೋಳಿಗೆ ಹೇರಿದಳು. "ತಗೋ. ಕಣ್ಣಿಗೊತ್ಕೊಂಡು ಮನೇಲಿ ಇಟ್ಕೋ."

ಬಿಸಿಲು ಇಳಿಯುವವರೆಗೆ ಡಾಕ್ಟರಮ್ಮ ಮಗುವನ್ನು ಅಲ್ಲೇ ಇಟ್ಟುಕೊಂಡು ನೋಡಿದರು. ಶಾಲೆಗೆ ಫೋನು ಮಾಡಿ, ಪೆಪ್ಪರ್‌ಮೆಂಟು ತಿಂದ ಉಳಿದ ಮಕ್ಕಳನ್ನೂ ಕರೆಸಿಕೊಂಡರು. ಪುಣ್ಯಕ್ಕೆ ಅವಕ್ಕೆ ಬರೀ ಮಂಪರು. ಚಿನಕುರುಳಿ ಎದ್ದು ಕೂತು, "ಡಾಕ್ಟ್ರೇ, ನಿಮ್ಮ ಕನ್ನಡಕ ಸೊಟ್ಟ" ಎಂದಾಗ ಹೊಲಿಗೆಯಮ್ಮ ಅಂದಿನ ಮೊದಲ ಕಣ್ಣೀರು ಹಾಕಿದಳು.

"ಹೊಟ್ಟೆ ಬಿರಿಯೋ ಹಾಗೆ ತಿನ್ನಿಸಿ ವ್ಯಾನು ಹತ್ತಿಸಬೇಡ, ಖಾಲಿ ಹೊಟ್ಟೇಲೂ ಬೇಡ," ಎಂದರು ಡಾಕ್ಟರಮ್ಮ. "ಮುಂದಿನ ಸಾಲಲ್ಲಿ ಕೂರಲಿ, ಕಿಟಕಿ ತೆಗೆದಿರಲಿ, ದೂರಕ್ಕೆ ನೋಡ್ತಿರಲಿ. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕು. ಆಗಲೂ ತಡೀಲಿಲ್ಲ ಅಂದ್ರೆ ನನ್ನ ಹತ್ರ ಬಾ. ಬೇಕು ಅನ್ನಿಸಿದ್ರೆ ನಾನೇ ಮಕ್ಕಳ ಸಿರಪ್ಪು ಬರೆದುಕೊಡ್ತೀನಿ, ಎಷ್ಟು ಅಂತ ಅಳತೆ ಮುಚ್ಚಳದಲ್ಲಿ ತೋರಿಸ್ತೀನಿ. ಅಡಿಗೆಮನೆ ಚಮಚ ಬೇಡ. ಮಗೂಗೆ ಕುಡಿಸೋಳು ನೀನೊಬ್ಬಳೇ."

ಗಾಳಿ ರಾತ್ರಿಯೇ ಇಳಿದಿತ್ತು. ಮರುದಿನ ತಾಯಿಯೂ ವ್ಯಾನು ಹತ್ತಿದಳು. ಬರಿಯ ಸೀಟುಗಳು, ತೆರೆದ ಕಿಟಕಿಗಳು; ಡ್ರೈವರು ಮುಂದಿನ ಸಾಲಿನಲ್ಲಿ ಇಡುತ್ತಿದ್ದ ತನ್ನ ಸಾಮಾನನ್ನೆಲ್ಲ ತೆಗೆದಿದ್ದ. ತಿರುವುಗಳಲ್ಲಿ ನಿಧಾನಕ್ಕೆ ಓಡಿಸಿದ. ಚಿನಕುರುಳಿ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು.

ಶಾಲೆಯ ಅಂಗಳದಲ್ಲಿ ಗಂಟೆಯ ಕೆಳಗೆ ಟೀಚರಮ್ಮ ನಿಂತಿದ್ದರು. ಹೊಲಿಗೆಯಮ್ಮ ನಿನ್ನೆಯೆಲ್ಲ ಕೂಡಿಟ್ಟುಕೊಂಡ ಮಾತುಗಳನ್ನು ನಾಲಿಗೆಯ ತುದಿಗೆ ತಂದುಕೊಂಡು ಹತ್ತಿರ ಹೋದಳು. ಟೀಚರಮ್ಮ ಅವಳ ಮುಖ ನೋಡಲಾರದೆ, ಸಾಲಾಗಿ ನಿಂತ ಮಕ್ಕಳ ಎದುರಿಗೇ ಮೊಣಕಾಲೂರಿ ಕೂತರು. ಸೆರಗಿನ ಮರೆಯಲ್ಲಿದ್ದ ಕೊಡತಿಯನ್ನು ಹೊರತೆಗೆದು, ಹಿಡಿಕೆ ಮುಂದೆ ಮಾಡಿ ಹುಡುಗಿಯ ಕೈಗಿಟ್ಟರು.