ಸೊಟ್ಟ ಡ್ರೈವ್

ಮೇಜನ್ನು ಬಾಗಿಲಿನಿಂದ ಉದ್ದಕ್ಕೆ ತರಬೇಕೋ, ಹೊರಳಿಸಿ ಅಡ್ಡ ತರಬೇಕೋ ಎಂಬ ಗಹನವಾದ ಪ್ರಶ್ನೆ ಇತ್ಯರ್ಥವಾಗುವ ತನಕ ಶಂಭುಲಿಂಗಪ್ಪನ ಅಂತ್ಯಕ್ರಿಯೆ ಮುಂದೆ ಸಾಗುವಂತಿರಲಿಲ್ಲ. ಮಾನ್ವಿಯಲ್ಲಿ ಮೂವತ್ತು ವರ್ಷ ಅರ್ಜಿ, ಲಗ್ನಪತ್ರಿಕೆ ಟೈಪು ಮಾಡಿದ ಮನುಷ್ಯ. ಹೆಣ ಕೂರಿಸಲು ಮುಂದಿನ ಕೋಣೆಯೇ ಆಗಬೇಕು. ಕೋಣೆಯ ತುಂಬ ಅವನ ಕಂಪ್ಯೂಟರ್ ಮೇಜು.

"ಮೊದ್ಲ ಕಂಪ್ಯೂಟರ್ ಡಬ್ಬಿ ಇಳಸ್ರಿ," ಎಂದ ನೆರೆಮನೆಯ ಗದ್ದೆಪ್ಪ.

"ಹೊತ್ತಾಗತದ. ಮ್ಯಾಲೇ ಇರ್ಲಿ, ಹಿಡಿ," ಎಂದ ದೇವದುರ್ಗದಿಂದ ಬಂದಿದ್ದ ತಮ್ಮ ಕೊಟ್ರೇಶ.

ತೀರ್ಪು ಕೊಟ್ಟವಳು ಶಂಭುಲಿಂಗಪ್ಪನ ಹೆಂಡತಿ ಬಸವಂತಮ್ಮ. "ಅಡ್ಡ ತರ್ರಿ. ಆ ಡಬ್ಬಿ ಯಾವಾಗ ಹೊರಗ ಹೋಗತದೋ ಅಂತ ನಾನೂ ಕಾಯಾಕತ್ತೀನಿ."

ಅಡ್ಡ ತಂದರು. ಡಬ್ಬಿ ಜಾರಿ ಹೊಸ್ತಿಲಿನಾಚೆಯ ಮೆಟ್ಟಿಲ ಮೇಲೆ ಬಿತ್ತು.

"ಮಾಲಕನ ಹೋದ ಮ್ಯಾಲ ಅದಾದ್ರೂ ಯಾಕಿರಬೇಕು," ಎಂದು ಗದ್ದೆಪ್ಪ ಅದನ್ನೆತ್ತಿ ಕಟ್ಟೆಯ ಮೇಲಿಟ್ಟ.

*

ಹನ್ನೊಂದಕ್ಕೆ ರಾಯಚೂರಿನಿಂದ ವಲಿ ಪಾಷಾ ಬಂದ. ಆ ಡಬ್ಬಿಯನ್ನು ಕೊಂಡ ದಿನದಿಂದ ರಿಪೇರಿ ಮಾಡುತ್ತ ಬಂದವನು. ಹಾರ ಹಾಕಿ ಹಿಂದೆ ಸರಿದವನ ಕೈಗೆ ಬಸವಂತಮ್ಮ ಒಂದು ಕರಿ ಫ್ಲಾಪಿ ಕೊಟ್ಟಳು. ಗಂಡನ ಅಂಗಿಯ ಕಿಸೆಯಲ್ಲಿತ್ತು.

"ಕೂಸಿನ ದನಿ ಹಚ್ಚು ಪಾಷಾ. ಅವರ್ನ ಎತ್ತೂದ್ರೊಳಗ ಒಂದ್ಸಲ. ನಾ ಒಂದಿನಾನೂ ಕೇಳಿಲ್ಲ."

*

ಇಪ್ಪತ್ತೆರಡು ವರ್ಷದ ಹಿಂದೆ, ಡಬ್ಬಿ ಕೊಂಡ ಹೊಸದರಲ್ಲಿ, ಮಗಳು ಶೈಲಶ್ರೀಗೆ ಏಳು ವರ್ಷ. ಹೊಸ ಮೈಕು ಕಂಡು ಹನ್ನೊಂದು ಸೆಕೆಂಡು ಮಾತಾಡಿದಳು. ಶಂಭುಲಿಂಗಪ್ಪ ಆ ದನಿಯನ್ನು ಫ್ಲಾಪಿಗೆ ಹಾಕಿಟ್ಟ. ಎರಡು ತಿಂಗಳಿಗೆ ಮೆದುಳು ಜ್ವರ ಅವಳನ್ನು ಒಯ್ದಿತು.

ಡಬ್ಬಿಯೊಳಗಿನ ಫ್ಲಾಪಿ ಡ್ರೈವಿನ ಓದಿ ಬರೆಯುವ ಮುಳ್ಳು ಕೂದಲೆಳೆಯಷ್ಟು ಸೊಟ್ಟಗಿತ್ತು. ಅದು ಬರೆದದ್ದನ್ನು ಲೋಕದ ಬೇರೆ ಯಾವ ಡ್ರೈವೂ ಓದದು. ಲೋಕದವರು ಬರೆದದ್ದನ್ನು ಅದು ಓದದು.

"ಅಣ್ಣಾ, ನೆಟ್ಟಗ ಮಾಡಿ ಕೊಡ್ತೀನಿ," ಎನ್ನುತ್ತಿದ್ದ ವಲಿ ಪಾಷಾ.

"ಅದು ನೆಟ್ಟಗಾದ್ರ ನನ್ನ ಕೂಸಿನ ದನಿ ಎದರಾಗ ಕೇಳ್ಲಿ? ಸೊಟ್ಟನ ಇರ್ಲಿ ಬಿಡು."

"ಮೊಬೈಲಿಗಾದ್ರೂ ಹಾಕ್ಕೋ."

"ಮೊಬೈಲ್ ಕಂಡಕಂಡಲ್ಲಿ ಒದರತದ. ಆಕಿ ಮನ್ಯಾಗ ಇರ್ಲಿ."

ದಿನಾ ಸಂಜೆ ನಾಲ್ಕಕ್ಕೆ ಹಚ್ಚುತ್ತಿದ್ದ. ನಾಲ್ಕಾಯಿತೆಂದರೆ ಬಸವಂತಮ್ಮ ಹಿತ್ತಲಿಗೆ ಹೋಗಿ ಬಟ್ಟೆ ತೆಗೆಯುತ್ತಿದ್ದಳು, ಒಣಗಿರಲಿ ಬಿಡಲಿ.

"ಬಾರೇ, ನಿನ್ನನ್ನ ಕರಿಯಾಕತ್ತಾಳ," ಎಂದು ಅವನು ಒಳಗಿನಿಂದ ಕೂಗುವನು. ಅವಳು ಬರುತ್ತಿರಲಿಲ್ಲ.

*

ಕಟ್ಟೆಯ ಮೇಲೆ ವೈರು ಎಳೆದರು. ಡಬ್ಬಿ ಗುಂಯ್‌ಗುಟ್ಟಿತು, ಹಸಿರು ದೀಪ ಹತ್ತಿತು. ಭಜನೆಯವರು ತಾಳ ನಿಲ್ಲಿಸಿದರು. ವಲಿ ಪಾಷಾ ಫ್ಲಾಪಿ ಹಾಕಿದ. ಕರ್ ಕರ್ ಎಂದಿತು. ಓದಲಾಗಲಿಲ್ಲವೆಂದು ಪರದೆ ಹೇಳಿತು. ತೆಗೆದು, ಒರೆಸಿ, ಮತ್ತೆ ಹಾಕಿದ. ಅದೇ.

"ಬಿಸಲೇರಾಕತ್ತದ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

"ಇನ್ನೊಂದೀಟು ತಡೀರಿ, ಯಪ್ಪಾ," ಎಂದಳು ಬಸವಂತಮ್ಮ.

ಡಬ್ಬಿಯ ಮೂಲೆ ನೆಗ್ಗಿದ್ದು ವಲಿ ಪಾಷಾನ ಕಣ್ಣಿಗೆ ಬಿತ್ತು. "ಬಿದ್ದಿತ್ತೇನು?"

ಗದ್ದೆಪ್ಪ ಮೆಟ್ಟಿಲ ಕಡೆ ಕೈ ತೋರಿಸಿದ. ಅವನು ಚೀಲದಿಂದ ತನ್ನದೊಂದು ಫ್ಲಾಪಿ ತೆಗೆದ. ಈ ಡಬ್ಬಿಯಲ್ಲಿ ಅದು ಒಮ್ಮೆಯೂ ಓದಿರಲಿಲ್ಲ. ಹಾಕಿದ. ಪರದೆಯ ತುಂಬ ಅಕ್ಷರ ಬಂದವು.

"ಬಂತಲ್ಲ! ಪಾಷಾ, ಬಂತಲ್ಲ!"

"ಇದು ನಂದು, ಯಕ್ಕಾ."

ಬಸವಂತಮ್ಮ ಪರದೆಯ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಕೇಳಿದಳು: "ಆಕಿ ಏನಂತಿದ್ಲು?"

ವಲಿ ಪಾಷಾ ವೈರು ಸುತ್ತುತ್ತ, ತಲೆ ಎತ್ತದೆ ಹೇಳಿದ: "'ಯವ್ವಾ, ನಾ ಈ ಡಬ್ಬಿಯಾಗ ಅಡಗೀನಿ. ಹುಡುಕು ನೋಡೂನು.' ಅಷ್ಟ. ಆಮ್ಯಾಲ ನಗ್ತಾಳ."

ಹೆಣ ಎತ್ತಿದರು. ಬಸವಂತಮ್ಮ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಡ್ರೈವ್ ನೆಟ್ಟಗಾಗಿತ್ತು.